ಮಂಗಳವಾರದ ಕಡಲು, ಜಾಗದ ಕಾಗದ: ಅಕ್ರಾದ ಗಾ ಊರುಗಳಲ್ಲಿ ಯಜಮಾನಿಕೆ ಯಾರದ್ದು?

ಘಾನಾ ದೇಶದ ರಾಜಧಾನಿ ಅಕ್ರಾ. ಅಲ್ಲಿನ ಕಡಲತೀರದಲ್ಲಿ ಮಂಗಳವಾರ ಮೀನಿನ ದೋಣಿ ನೀರಿಗೆ ಇಳಿಯುವುದಿಲ್ಲ. ಬಣ್ಣ ಬಳಿದ ಉದ್ದುದ್ದ ಮರದ ದೋಣಿಗಳು ಮರಳ ಮೇಲೆ ಸಾಲಾಗಿ ನಿಂತಿರುತ್ತವೆ. ಗಂಡಸರು ನೆರಳು ಹುಡುಕಿ ಕೂರುತ್ತಾರೆ. ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಬಿಗಿಯಾಗಿ ಎಳೆದುಕೊಂಡು, ಹರಿದ ಕಡೆಯಲ್ಲೆಲ್ಲ ಹೆಣೆಯುತ್ತಾರೆ. ಕಡಲದೇವರು ನಾಯ್‌ಗೆ ಸೇರಿದ ದಿನ ಅದು, ಅವತ್ತು ಕಡಲಿಗೂ ಬಿಡುವು ಬೇಕು ಎನ್ನುವುದು ಇಲ್ಲಿನ ಗಾ ಜನರ ನಂಬಿಕೆ. ಈ ನಿಯಮ ಸರ್ಕಾರ ಮಾಡಿದ್ದಲ್ಲ. ಮುರಿದವನ ಬಲೆಯನ್ನೋ ಮೋಟಾರನ್ನೋ ತೀರದವರೇ ಹಿಡಿದಿಟ್ಟುಕೊಂಡು ದಂಡ ಹಾಕುತ್ತಾರೆ.

ಅದೇ ತೀರದಿಂದ ಸ್ವಲ್ಪ ಒಳಗೆ, ಊರು ಬೆಳೆಯುತ್ತಿರುವ ಕಡೆ ಹೋದರೆ ಬೇರೆಯೇ ಚಿತ್ರ. ಅರ್ಧ ಎದ್ದ ಕಾಂಪೌಂಡ್ ಗೋಡೆಗಳ ಮೇಲೆ ಕೆಂಪು ಬಣ್ಣದ ದೊಡ್ಡ ಅಕ್ಷರಗಳು. ಒಂದು ಕಡೆ ನಗರಸಭೆಯವರು 'ಕೆಲಸ ನಿಲ್ಲಿಸಿ, ಪರ್ಮಿಟ್ ತೋರಿಸಿ' ಎಂದು ಬರೆದಿರುತ್ತಾರೆ. ಇನ್ನೊಂದು ಕಡೆ 'ಈ ಜಾಗ ಮಾರಾಟಕ್ಕಿಲ್ಲ' ಎಂದು ಯಾರೋ ಬರೆದಿರುತ್ತಾರೆ. ಜಾಗ ಕೊಂಡವರು ಮತ್ತೊಬ್ಬ ಯಜಮಾನನಿಗೆ ಮತ್ತೊಮ್ಮೆ ದುಡ್ಡು ಕೊಟ್ಟ ಕತೆಗಳು ಅಕ್ರಾದಲ್ಲಿ ಬೇಕಾದಷ್ಟು.

ಜನ ಅವರೇ, ಮನೆತನಗಳು ಅವೇ, ಸಂಪ್ರದಾಯವೂ ಒಂದೇ. ಹಾಗಿದ್ದೂ ಕಡಲಿನ ನಿಯಮ ಉಳಿದಿದೆ, ನೆಲದ ನಿಯಮ ಕುಸಿದಿದೆ. ಯಾಕೆ? ಗಾ ಊರುಗಳ ಪೀಠದ ಜಗಳಗಳ ಬಗ್ಗೆ ಓದಿದಾಗಲೆಲ್ಲ ನನಗೆ ಕಾಡುವುದು ಇದೇ ಪ್ರಶ್ನೆ. 'ಹಳೇ ಕಾಲದ ಪದ್ಧತಿ, ಅದಕ್ಕೇ ಜಗಳ' ಎಂದು ಸುಮ್ನೆ ಹೇಳಿ ಮುಗಿಸುವವರು ಜಾಸ್ತಿ. ನನಗೆ ಅದು ಸರಿ ಅನ್ನಿಸುವುದಿಲ್ಲ. ಹಳೇ ಪದ್ಧತಿಯಲ್ಲಿ ಅಧಿಕಾರ ಹಂಚಿಕೊಂಡು ಇತ್ತು. ಆಮೇಲೆ ಬಂದ ಸರ್ಕಾರಗಳಿಗೆಲ್ಲ ಸಹಿ ಹಾಕಲು ಒಬ್ಬನೇ ಬೇಕಾದ. ಜಗಳದ ಬೇರು ಆ ಸಹಿಯಲ್ಲಿದೆ.

ಒಂದು ಊರು, ಹಲವು ಯಜಮಾನರು

ಗಾ ಕರಾವಳಿಯಲ್ಲಿ ಮುಖ್ಯವಾದ ಊರುಗಳು ಆರು. ಪಶ್ಚಿಮದಿಂದ ಪೂರ್ವಕ್ಕೆ ಗಾ ಮಾಶಿ, ಒಸು, ಲಾ, ತೇಶಿ, ನುಂಗುವಾ, ತೇಮಾ. ಗಾ ಮಾಶಿ ಅಂದರೆ ಹಳೇ ಅಕ್ರಾ, ಅಂದರೆ ಜೇಮ್ಸ್‌ಟೌನ್ ಮತ್ತು ಅಶರ್‌ಟೌನ್. ಇವತ್ತು ಕಾರಿನಲ್ಲಿ ಹೋಗುವವರಿಗೆ ಎಲ್ಲವೂ ಒಂದೇ ಮಹಾನಗರ. ಅಲ್ಲಿ ಹುಟ್ಟಿದವರಿಗೆ ಹಾಗಲ್ಲ. ಒಂದೊಂದು ಊರಿಗೂ ಅದರದ್ದೇ ಪೀಠ, ಅದರದ್ದೇ ಹಬ್ಬದ ದಿನ.

ಪೀಠ ಅಂದಾಗ ಸಿಂಹಾಸನ ನೆನೆಸಿಕೊಳ್ಳಬೇಡಿ. ಅದು ಕಡೆದ ಮರದ ಒಂದು ಮಣೆ. ಅದರ ಮೇಲೆ ಕೂರಿಸಿದವನಿಗೆ 'ಮಾಂಚೆ' ಎಂದು ಹೆಸರು. 'ಮಾಂ' ಅಂದರೆ ಊರು, 'ಚೆ' ಅಂದರೆ ಅಪ್ಪ, ಒಡೆಯ. ಕನ್ನಡದಲ್ಲಿ ಊರಪ್ಪ ಎನ್ನಬಹುದು. ಗಾ ಮಾಶಿಯ ದೊಡ್ಡ ಪೀಠದವರನ್ನು 'ಗಾ ಮಾಂಚೆ' ಎನ್ನುತ್ತಾರೆ. ಪತ್ರಿಕೆಗಳಲ್ಲಿ ಅವರು ಗಾ ಜನರ ರಾಜ. ಆದರೆ ಒಳನಾಡಿನ ಅಸಾಂಟೆ ರಾಜನ ಹಾಗೆ ಮೇಲಿಂದ ಕೆಳಗಿನವರೆಗೆ ಅಪ್ಪಣೆ ಹೊರಡಿಸುವ ಸ್ಥಾನ ಇದಲ್ಲ. ಒಸು, ಲಾ, ತೇಶಿ, ನುಂಗುವಾ, ತೇಮಾದ ಮಾಂಚೆಗಳು ಗಾ ಮಾಂಚೆಯನ್ನು ಹಿರಿಯರೆಂದು ಗೌರವಿಸುತ್ತಾರೆ. ತಮ್ಮ ಊರಿನ ವಿಷಯಕ್ಕೆ ಬಂದರೆ ಅವರೂ ಪೂರ್ಣ ಯಜಮಾನರೇ.

ಊರಿನ ಒಳಗೆ ಹೋದಂತೆ ಅಧಿಕಾರ ಇನ್ನೂ ಸಣ್ಣ ಸಣ್ಣ ಪಾಲಾಗುತ್ತದೆ. ಗಾ ಮಾಶಿಯಲ್ಲಿ ಏಳು ಕೇರಿಗಳಿವೆ: ಅಸೇರೆ, ಅಬೋಲಾ, ಗ್ಬೆಸೆ, ಒಟುಬ್ಲೊಹುಮ್, ಸೆಂಪೆ, ಅಕುಮಾಜೆ, ಅಲಾಟಾ. ಪ್ರತಿ ಕೇರಿಗೂ ಅದರದ್ದೇ ಮಾಂಚೆ. ಕೇರಿಯ ಒಳಗೆ 'ವೆ'ಗಳು. ನಾವು ಮೂಲಮನೆ ಅಂತೀವಲ್ಲ, ಹೆಚ್ಚುಕಡಿಮೆ ಹಾಗೆ. ಗಾ ಜನ ತಂದೆಯ ಕಡೆಯಿಂದ ವಂಶ ಎಣಿಸುತ್ತಾರೆ. ಹಾಗಾಗಿ ಪೀಠಕ್ಕೆ ಯಾವ ಮನೆಯವರು ಏರಬಹುದು ಎನ್ನುವುದು ವೆಗಳ ಮೇಲೆ ನಿಂತಿದೆ. ಗಾ ಮಾಂಚೆಯ ಪೀಠಕ್ಕೆ ನಾಲ್ಕು ಮನೆತನಗಳ ಹಕ್ಕಿದೆ. ಹುಡುಗನನ್ನು ಮನೆತನ ಸೂಚಿಸಬೇಕು, ಅವನನ್ನು ಒಪ್ಪಿ ಕೂರಿಸುವ ಹಿರಿಯರ ಗುಂಪು ಬೇರೆ. ಆ ಗುಂಪಿನ ಮುಖ್ಯಸ್ಥನಿಗೆ 'ಜಾಸೆಚೆ' ಎಂದು ಹೆಸರು.

ಇವರೆಲ್ಲರ ಪಕ್ಕದಲ್ಲಿ, ಒಂದು ಲೆಕ್ಕದಲ್ಲಿ ಇವರೆಲ್ಲರಿಗಿಂತ ಮೊದಲು, ನಿಲ್ಲುವವನು 'ವುಲೊಮೊ'. ಮೈ ತುಂಬ ಬಿಳಿ ಬಟ್ಟೆ ತೊಡುವ ಪೂಜಾರಿ. ಕಡಲದೇವರಿಗೆ ನಾಯ್ ವುಲೊಮೊ, ಕೊರ್ಲೆ ಹಿನ್ನೀರಿಗೆ ಕೊರ್ಲೆ ವುಲೊಮೊ, ಸಾಕುಮೊ ದೇವರಿಗೆ ಇನ್ನೊಬ್ಬರು. ಮಳೆಗಾಲಕ್ಕೆ ಮುಂಚೆ ಮೆಕ್ಕೆಜೋಳ ಬಿತ್ತುವುದು, ಊರಿಗೆ ಮೌನದ ದಿನಗಳನ್ನು ಹೇಳುವುದು, ಹಿನ್ನೀರಿನಲ್ಲಿ ಮೀನು ಹಿಡಿಯಲು ಬಾಗಿಲು ತೆರೆಯುವುದು, ಎಲ್ಲ ಇವರ ಕೆಲಸ. ಯುದ್ಧಕ್ಕೆ ಜನ ಸೇರಿಸುವವನು 'ಅಸಫೋಆಚೆ'. ಇನ್ನು ದೋಣಿಗಳ ವಿಷಯಕ್ಕೆ 'ವೊಲೇಯಾಚೆ', ಅಂದರೆ ಮೀನುಗಾರರ ಯಜಮಾನ. ಒಬ್ಬನ ಬಲೆಗೆ ಇನ್ನೊಬ್ಬನ ದೋಣಿ ತಾಗಿ ಹರಿದರೆ ಸ್ಟೇಷನ್ನಿಗೆ ಹೋಗುವ ಮೊದಲು ಎಲ್ಲರೂ ಬರುವುದು ಇವನ ಮುಂದೆ.

1930ರ ದಶಕದಲ್ಲಿ ಮಾರ್ಗರೆಟ್ ಫೀಲ್ಡ್ ಎಂಬ ಮಾನವಶಾಸ್ತ್ರಜ್ಞೆ ಗಾ ಊರುಗಳಲ್ಲಿ ಅಧ್ಯಯನ ಮಾಡಿದರು. ಊರು ನಡೆಸುತ್ತಿದ್ದವರು ಮೂಲತಃ ವುಲೊಮೊಗಳೇ, ಮಾಂಚೆ ಯುದ್ಧಕಾಲದ ಹುದ್ದೆ, ನೆರೆಯ ಅಕಾನ್ ಜನರನ್ನು ನೋಡಿ ಬೆಳೆದದ್ದು ಎಂಬುದು ಅವರ ವಾದ. ಎಲ್ಲ ಇತಿಹಾಸಕಾರರೂ ಇದನ್ನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣವೂ ಇದೆ. 17ನೇ ಶತಮಾನದಲ್ಲೇ ಒಳನಾಡಿನ ಅಯಾವಾಸೊದಲ್ಲಿ ಗಾ ರಾಜರಿದ್ದರು. 1677ರಲ್ಲಿ ನೆರೆಯ ಅಕ್ವಾಮು ರಾಜ್ಯದ ಸೈನ್ಯ ಆ ಊರನ್ನು ಸುಟ್ಟು ಹಾಕಿದಾಗ ಅಲ್ಲಿ ಒಕಾಯ್‌ಕೊಯ್ ರಾಜನಾಗಿದ್ದ. ಹಾಗಾಗಿ ರಾಜನೇ ಇರಲಿಲ್ಲ ಎನ್ನುವುದು ಅತಿಯಾಯಿತು. ರಾಜನೊಬ್ಬನೇ ಇರಲಿಲ್ಲ ಎನ್ನುವುದು ನಿಜಕ್ಕೆ ಹತ್ತಿರ.

ಸಹಿ ಬೇಕು ಎಂದವರು

ಕಡಲ ಕಡೆಯಿಂದ ಬಂದ ವ್ಯಾಪಾರಿಗಳು ಈ ಹಂಚಿಕೆಯನ್ನು ತಮಗೆ ಬೇಕಾದ ಹಾಗೆ ಬಳಸಿಕೊಂಡರು. ಅಶರ್‌ಟೌನ್‌ನಲ್ಲಿ ಡಚ್ಚರ ಕೋಟೆ, ಜೇಮ್ಸ್‌ಟೌನ್‌ನಲ್ಲಿ ಇಂಗ್ಲಿಷರ ಕೋಟೆ, ಒಸುವಿನಲ್ಲಿ ಡೇನರ, ಅಂದರೆ ಡೆನ್ಮಾರ್ಕಿನವರ, ಕ್ರಿಶ್ಚಿಯನ್ಸ್‌ಬೋರ್ಗ್. ಕೆಲವೇ ಕಿಲೋಮೀಟರ್ ತೀರದಲ್ಲಿ ಮೂರು ದೇಶಗಳ ಬಾವುಟ. ಕೋಟೆಯ ಪಕ್ಕದ ಕೇರಿಯ ಯಜಮಾನ ಆ ಕೋಟೆಯವರ ದಲ್ಲಾಳಿಯೂ ಆದ.

1850ರಲ್ಲಿ ಡೇನರು ತಮ್ಮ ಕೋಟೆಗಳನ್ನು ಬ್ರಿಟಿಷರಿಗೆ ಮಾರಿ ಹೊರಟರು. ಎರಡೇ ವರ್ಷದಲ್ಲಿ, 1852ರಲ್ಲಿ, ಬ್ರಿಟಿಷರು ತಲೆಗಂದಾಯ ತಂದರು. ಅದಕ್ಕೆ ಒಪ್ಪಿಗೆ ಕೊಟ್ಟವರು ಯಜಮಾನರು, ಕಟ್ಟಬೇಕಾದವರು ಜನ. ತಮ್ಮ ಪರವಾಗಿ ಒಪ್ಪಿದವರನ್ನು ಜನ ಒಪ್ಪಲಿಲ್ಲ. 1854ರಲ್ಲಿ ಒಸು, ಲಾ, ತೇಶಿಯ ಜನ ತಿರುಗಿಬಿದ್ದರು. ಬ್ರಿಟಿಷ್ ಹಡಗಿನ ತೋಪುಗಳು ಒಸುವಿನ ಮೇಲೆ ಗುಂಡು ಸುರಿಸಿದವು. ಊರಿನ ಮಾತು ಬೇರೆ, ಸಹಿ ಹಾಕಿದವನ ಮಾತು ಬೇರೆ ಆಗಬಹುದು ಎಂದು ಗಾ ಜನ ಅವತ್ತೇ ಕಂಡುಕೊಂಡಿದ್ದರು.

1877ರಲ್ಲಿ ವಸಾಹತಿನ ರಾಜಧಾನಿ ಕೇಪ್ ಕೋಸ್ಟ್‌ನಿಂದ ಅಕ್ರಾಕ್ಕೆ ಬಂತು. ಗಾ ಊರುಗಳ ಹಣೆಬರಹ ಬದಲಾಗಿದ್ದು ಅಲ್ಲಿಂದ. ಆಫೀಸಿಗೆ ಜಾಗ, ರಸ್ತೆಗೆ ಜಾಗ, ಅಧಿಕಾರಿಗಳ ಬಂಗಲೆಗೆ ಜಾಗ. ಪ್ರತಿಯೊಂದಕ್ಕೂ ಕಾಗದ, ಪ್ರತಿ ಕಾಗದಕ್ಕೂ ಸಹಿ. ಕೇರಿ, ವೆ, ವುಲೊಮೊ, ಎಲ್ಲರನ್ನೂ ಕೂರಿಸಿ ಕೇಳುವ ತಾಳ್ಮೆ ಆಡಳಿತಕ್ಕೆ ಇರಲಿಲ್ಲ. ತಮಗೆ ಅನುಕೂಲವಾದ ಒಬ್ಬ ಮಾಂಚೆ ಇದ್ದರೆ ಸಾಕಿತ್ತು. ಅನುಕೂಲ ಆಗದಿದ್ದರೆ ಅವನನ್ನು ಬದಿಗೆ ಸರಿಸುವುದೂ ಗೊತ್ತಿತ್ತು. 1862ರಿಂದ 1902ರವರೆಗೆ ಗಾ ಮಾಂಚೆಯಾಗಿದ್ದ ಮೊದಲನೇ ಟಾಕಿ ಟಾವಿಯಾ ಅವರನ್ನು 1880ರಲ್ಲಿ ಹಿಡಿದು, ಕರಾವಳಿಯ ಇನ್ನೊಂದು ಊರಾದ ಎಲ್ಮಿನಾಕ್ಕೆ ಕಳಿಸಿದರು.

ಯಜಮಾನರು ಜನರ ಪರ ನಿಂತ ಉದಾಹರಣೆಗಳೂ ಇವೆ, ಅದನ್ನು ಹೇಳದೆ ಹೋದರೆ ಅನ್ಯಾಯ. 1948ರ ಜನವರಿಯಲ್ಲಿ ಒಸು ಅಲಾಟಾ ಕೇರಿಯ ಮಾಂಚೆ ಮೂರನೇ ಕ್ವಾಬೆನಾ ಬೊನ್ನೆ ವಿದೇಶಿ ಅಂಗಡಿಗಳ ದುಬಾರಿ ಬೆಲೆಯ ವಿರುದ್ಧ ಬಹಿಷ್ಕಾರ ಕರೆದರು. ಅವರು ದೊಡ್ಡ ಪೀಠದವರಲ್ಲ, ಒಂದು ಕೇರಿಯ ಯಜಮಾನ ಅಷ್ಟೇ. ಬೇರೆ ಊರುಗಳ ಯಜಮಾನರ ಹತ್ತಿರ ತಾವೇ ಹೋಗಿ ಒಪ್ಪಿಸಿದರು. ಬಹಿಷ್ಕಾರ ಮುಗಿದ ದಿನ, ಫೆಬ್ರವರಿ 28ರಂದು, ಬ್ರಿಟಿಷ್ ಗವರ್ನರ್ ಇದ್ದ ಕ್ರಿಶ್ಚಿಯನ್ಸ್‌ಬೋರ್ಗ್ ಕಡೆ ಮೆರವಣಿಗೆ ಹೊರಟ ಮಾಜಿ ಸೈನಿಕರ ಮೇಲೆ ಗುಂಡು ಹಾರಿತು. ಮೂವರು ಸತ್ತರು, ಅಕ್ರಾ ಹೊತ್ತಿ ಉರಿಯಿತು. ಘಾನಾದ ಸ್ವಾತಂತ್ರ್ಯದ ಕತೆ ಹೇಳುವವರು ಇಲ್ಲಿಂದಲೇ ಶುರು ಮಾಡುತ್ತಾರೆ.

ಸೋರೆಬುರುಡೆಯ ಊರು ಎದ್ದು ಹೋದದ್ದು

ನೆಲದ ವಿಷಯ ಅರ್ಥವಾಗಬೇಕಾದರೆ ತೇಮಾ ನೋಡಬೇಕು. ಹಳೇ ಹೆಸರು ತೊರ್ಮಾನ್. ಅಲ್ಲಿ ಬೆಳೆಯುತ್ತಿದ್ದ ಸೋರೆಬುರುಡೆಯಿಂದ ಬಂದ ಹೆಸರು ಎನ್ನುತ್ತಾರೆ. ಸಣ್ಣ ಮೀನುಗಾರರ ಊರು. 1952ರಲ್ಲಿ ಸರ್ಕಾರ ಬಂದರಿಗೂ ಹೊಸ ಪಟ್ಟಣಕ್ಕೂ ಎಂದು ಅಲ್ಲಿ 64 ಚದರ ಮೈಲಿ ಜಾಗ ತೆಗೆದುಕೊಂಡಿತು. ಊರಿನವರು ಸುಲಭಕ್ಕೆ ಏಳಲಿಲ್ಲ. ಪರಿಹಾರದ ದುಡ್ಡು ಒಂದು ಮಾತು. ದೇವರುಗಳನ್ನು ಏನು ಮಾಡುವುದು ಎನ್ನುವುದು ಇನ್ನೊಂದು. ಹಿನ್ನೀರಿಗೆ ಸೇರಿದ ದೇವರನ್ನು ಹಿನ್ನೀರಿಲ್ಲದ ಕಡೆ ಹೇಗೆ ಕೂರಿಸುತ್ತೀರಿ? 1959ರಲ್ಲಿ ಕೊನೆಗೂ ಊರು ಎದ್ದು ಕೆಲವು ಕಿಲೋಮೀಟರ್ ಆಚೆ ಹೋಯಿತು. ಹೊಸ ಜಾಗದ ಹೆಸರು ಮಾನ್‌ಹಿಯಾನ್, ಅಂದರೆ ಹೊಸ ಊರು. 1962ರಲ್ಲಿ ಬಂದರು ತೆರೆಯಿತು. ಇವತ್ತು ಅದು ದೇಶದ ಅತಿ ದೊಡ್ಡ ಬಂದರು. ಪಕ್ಕದ ಚೆಮು ಹಿನ್ನೀರು ಕಾರ್ಖಾನೆಗಳ ಕೊಳೆ ಹೊತ್ತು ಹರಿಯುತ್ತದೆ. ಆ ಹಿನ್ನೀರಿನ ಮೇಲೆ ಈಗ ಮಾತು ನಡೆಯುವುದು ಯಾರದ್ದು? ವುಲೊಮೊನದ್ದಂತೂ ಅಲ್ಲ.

1957ರಲ್ಲಿ, ಸ್ವಾತಂತ್ರ್ಯ ಬಂದು ಕೆಲವೇ ತಿಂಗಳಲ್ಲಿ, ಅಕ್ರಾದಲ್ಲಿ 'ಗಾ ಶಿಫಿಮೊ ಕ್ಪೇ' ಎಂಬ ಸಂಘಟನೆ ಹುಟ್ಟಿತು. ನಮ್ಮ ನೆಲ ಹೋಯಿತು, ಅದರ ಮೇಲೆ ಎದ್ದ ಮನೆಗಳೂ ನಮಗೆ ಸಿಗಲಿಲ್ಲ ಎನ್ನುವುದು ಅವರ ಸಿಟ್ಟು. ಅದೇ ವರ್ಷದ ಕೊನೆಗೆ ಪ್ರಧಾನಿ ನ್ಕ್ರುಮಾ ಅವರ ಸರ್ಕಾರ ಬುಡಕಟ್ಟು, ಪ್ರದೇಶ, ಧರ್ಮದ ಆಧಾರದ ಪಕ್ಷಗಳನ್ನು ನಿಷೇಧಿಸುವ ಕಾನೂನು ತಂದಿತು. ಸಂಘಟನೆ ಮುಗಿಯಿತು, ಸಿಟ್ಟು ಮುಗಿಯಲಿಲ್ಲ. ಸರ್ಕಾರಿ ಕೆಲಸಕ್ಕೆಂದು ತೆಗೆದುಕೊಂಡ ಜಾಗ ಪ್ರಭಾವಿಗಳ ಕೈ ಸೇರುತ್ತಿದೆ ಎಂಬ ದೂರು ಇವತ್ತಿಗೂ ಲಾ, ಒಸು ಕಡೆ ಕೇಳುತ್ತಲೇ ಇದೆ. ಸಂವಿಧಾನದ 20ನೇ ವಿಧಿ ಸ್ಪಷ್ಟವಾಗಿದೆ. ಯಾವ ಕೆಲಸಕ್ಕೆ ಜಾಗ ತೆಗೆದುಕೊಂಡರೋ ಆ ಕೆಲಸಕ್ಕೆ ಬಳಸದಿದ್ದರೆ, ಮರಳಿ ಕೊಳ್ಳುವ ಮೊದಲ ಅವಕಾಶ ಮೂಲ ಒಡೆಯರಿಗೇ ಸಿಗಬೇಕು. ಕಾಗದದ ಮೇಲಿನ ಒಳ್ಳೇ ಮಾತು.

ರಿಜಿಸ್ಟರಿನಲ್ಲಿ ಒಂದೇ ಹೆಸರು

ಈಗಿನ ಘಾನಾದ ಕಾನೂನು ಯಜಮಾನಿಕೆಯನ್ನು ಗೌರವದಿಂದಲೇ ನೋಡುತ್ತದೆ. 1992ರ ಸಂವಿಧಾನದ 270ನೇ ವಿಧಿ ಈ ವ್ಯವಸ್ಥೆಗೆ ರಕ್ಷಣೆ ಕೊಡುತ್ತದೆ. ಯಾರನ್ನು ಯಜಮಾನ ಎಂದು ಒಪ್ಪಬೇಕು, ಯಾರನ್ನು ಒಪ್ಪಬಾರದು ಎಂದು ಹೇಳುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಕಾನೂನನ್ನು ಸಂಸತ್ತು ಮಾಡುವ ಹಾಗಿಲ್ಲ. ಹಿಂದಿನ ಸರ್ಕಾರಗಳು ತಮಗಾಗದವರನ್ನು ಕೆಳಗಿಳಿಸಿದ ಅನುಭವದಿಂದ ಬಂದ ಪಾಠ ಇದು. 276ನೇ ವಿಧಿಯ ಪ್ರಕಾರ ಪೀಠದಲ್ಲಿರುವವರು ಪಕ್ಷ ರಾಜಕೀಯಕ್ಕೆ ಇಳಿಯುವ ಹಾಗಿಲ್ಲ. ಪೀಠದ ಜಗಳಗಳನ್ನು ಕೇಳಲು ಸಾಂಪ್ರದಾಯಿಕ ಮಂಡಳಿ, ಅದರ ಮೇಲೆ ಡೊಡೊವಾದಲ್ಲಿ ಪ್ರಾದೇಶಿಕ ಯಜಮಾನರ ಸಭೆ, ಅದರ ಮೇಲೆ ಕುಮಾಸಿಯಲ್ಲಿ ರಾಷ್ಟ್ರೀಯ ಸಭೆ. ಕೊನೆಗೆ ಸುಪ್ರೀಂ ಕೋರ್ಟ್.

ಇಷ್ಟೆಲ್ಲ ಇದ್ದೂ ಒಂದು ಸಣ್ಣ ಬಾಗಿಲು ಉಳಿದುಕೊಂಡಿದೆ. 2008ರ ಯಜಮಾನಿಕೆ ಕಾನೂನಿನ ಪ್ರಕಾರ ರಾಷ್ಟ್ರೀಯ ಸಭೆ ಒಂದು ರಿಜಿಸ್ಟರ್ ಇಡುತ್ತದೆ. ಆ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಕಾನೂನು ಹೇಳುವ ಯಾವ ಕೆಲಸವನ್ನೂ ಯಜಮಾನರಾಗಿ ಮಾಡುವಂತಿಲ್ಲ. ಊರು ಒಪ್ಪಿರಬಹುದು, ಪೂಜೆ ಮುಗಿದಿರಬಹುದು, ಮಣೆಯ ಮೇಲೆ ಕೂತಿರಬಹುದು. ಹೆಸರು ಬೀಳುವವರೆಗೆ ಸಹಿಗೆ ಬೆಲೆ ಇಲ್ಲ. ಹಾಗಾಗಿ ಜಗಳ ಊರಿನ ಅಂಗಳದಿಂದ ರಿಜಿಸ್ಟರಿನ ಪುಟಕ್ಕೆ ವರ್ಗವಾಗಿದೆ.

ಗಾ ಮಾಂಚೆಯ ಪೀಠದ ಈಚಿನ ಇತಿಹಾಸವೇ ಇದಕ್ಕೆ ಸಾಕ್ಷಿ. 2004ರ ಕೊನೆಗೆ ಎರಡನೇ ಬೋನಿ ಅಮುಗಿ ತೀರಿಕೊಂಡರು. ಮುಂದಿನವರು ಯಾರು ಎಂದು ಮನೆತನಗಳ ನಡುವೆ ತಿಕ್ಕಾಟ ನಡೆದು, 2006ರಲ್ಲಿ ಮೂರನೇ ಟಾಕಿ ಟಾವಿಯಾ ಪೀಠ ಏರಿದರು. ಆಗಲೂ ವಿರೋಧ ನಿಲ್ಲಲಿಲ್ಲ. 2012ರ ಡಿಸೆಂಬರಿನಲ್ಲಿ ಅವರೂ ಹೋದರು. ಅವರ ಅಂತಿಮ ವಿಧಿಗಳು ನಡೆದದ್ದು 2023ರ ಜನವರಿಯಲ್ಲಿ. ಹತ್ತು ವರ್ಷ! ಒಬ್ಬ ರಾಜನನ್ನು ಮಣ್ಣಿಗೆ ಕಳಿಸಲು ಒಂದು ಊರು ಹತ್ತು ವರ್ಷ ಕಾಯಿತು. ಹೋದವರನ್ನು ಕಳಿಸಿಕೊಡುವ ಕೆಲಸ ಬರುವವರ ಹಕ್ಕಿನ ಜೊತೆ ಬೆಸೆದುಕೊಂಡಿರುತ್ತದೆ. ಯಾರು ಮುಂದೆ ನಿಂತು ವಿಧಿ ಮಾಡಿಸುತ್ತಾರೋ ಅವರ ಹಕ್ಕು ಗಟ್ಟಿಯಾಗುತ್ತದೆ. ಆ ನಡುವೆ ಒಂದಕ್ಕಿಂತ ಹೆಚ್ಚು ಜನ ತಾವೇ ಗಾ ಮಾಂಚೆ ಎಂದರು. ಈಗ ಪೀಠದಲ್ಲಿರುವವರು ಎರಡನೇ ಟಾಕಿ ತೇಕೊ ಚುರು.

ಇದು ಬರೀ ಗೌರವದ ಜಗಳ ಆಗಿದ್ದರೆ ಇಷ್ಟು ಉದ್ದ ಎಳೆಯುತ್ತಿರಲಿಲ್ಲ, ಅಲ್ವಾ? ಹಿಂದೆ ಇರುವುದು ಜಾಗ.

ಘಾನಾದಲ್ಲಿ ಪೀಠಕ್ಕೆ ಸೇರಿದ ಜಾಗವನ್ನು ಪೂರ್ತಿ ಮಾರುವಂತಿಲ್ಲ, ಗುತ್ತಿಗೆ ಮಾತ್ರ. ವಿದೇಶಿಯರಿಗೆ ಹೆಚ್ಚೆಂದರೆ 50 ವರ್ಷ. ಬರುವ ಆದಾಯವನ್ನು ಹೇಗೆ ಹಂಚಬೇಕೆಂದು ಸಂವಿಧಾನದ 267ನೇ ವಿಧಿಯೇ ಹೇಳುತ್ತದೆ. 100 ಸೆಡಿ (ಸೆಡಿ ಘಾನಾದ ದುಡ್ಡು) ಬಂತು ಎಂದುಕೊಳ್ಳಿ. ಮೊದಲು 10 ಸೆಡಿ ಪೀಠದ ಜಾಗಗಳ ಆಡಳಿತಾಧಿಕಾರಿಯ ಕಚೇರಿಗೆ. ಉಳಿದ 90ರಲ್ಲಿ 55 ಪಾಲು, ಅಂದರೆ 49.50 ಸೆಡಿ, ಜಿಲ್ಲಾ ಸಭೆಗೆ. 25 ಪಾಲು, 22.50 ಸೆಡಿ, ಪೀಠಕ್ಕೆ. 20 ಪಾಲು, 18 ಸೆಡಿ, ಸಾಂಪ್ರದಾಯಿಕ ಮಂಡಳಿಗೆ. ಲೆಕ್ಕ ಚೊಕ್ಕವಾಗಿದೆ. ಆದರೆ ಇದು ವರ್ಷ ವರ್ಷದ ಬಾಡಿಗೆಯಂಥ ಆದಾಯದ ಲೆಕ್ಕ. ನಿಜವಾದ ದುಡ್ಡು ಕೈ ಬದಲಾಗುವುದು ಇನ್ನೂ ಮೊದಲು, ಜಾಗ ಕೊಡುವ ಹೊತ್ತಿಗೆ. ಅದಕ್ಕೆ 'ಡ್ರಿಂಕ್ ಮನಿ' ಎಂದೇ ಹೆಸರು. ಹಿಂದೆ ಜಾಗ ಕೇಳಲು ಬಂದವರು ಶ್ನಾಪ್ಸ್ ಎಂಬ ಮದ್ಯದ ಬಾಟಲಿ ತಂದು ಹಿರಿಯರ ಮುಂದೆ ಇಡುತ್ತಿದ್ದರು. ಅದರಲ್ಲಿ ಸ್ವಲ್ಪ ನೆಲಕ್ಕೆ ಸುರಿದು ಪಿತೃಗಳಿಗೆ ತಿಳಿಸುತ್ತಿದ್ದರು. ಈಗ ಬಾಟಲಿಯ ಹೆಸರಿನಲ್ಲಿ ಜಾಗದ ಪೂರ್ತಿ ಬೆಲೆಯೇ ಬರುತ್ತದೆ. ಹೆಸರು ಕಾಣಿಕೆ ಆದ್ದರಿಂದ ಹಂಚಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಸಹಿ ಹಾಕುವವನ ಕೈಗೆ ನೇರ.

ಇದರ ಜೊತೆ ಇನ್ನೊಂದು ಸಿಕ್ಕು. ಗಾ ಊರುಗಳಲ್ಲಿ ಬಹಳಷ್ಟು ಜಾಗ ಮನೆತನಗಳದ್ದು. ಮನೆತನದ ಜಾಗಕ್ಕೆ ಈ ಹಂಚಿಕೆಯೇ ಅನ್ವಯಿಸುವುದಿಲ್ಲ. ಇದು ಪೀಠದ ಜಾಗವೋ ಮನೆತನದ್ದೋ ಎಂಬ ಪ್ರಶ್ನೆಯ ಮೇಲೆಯೇ ಎಷ್ಟೋ ಕೇಸುಗಳು ನಿಂತಿವೆ. ಪೀಠಕ್ಕೆ ಇಬ್ಬರು ಹಕ್ಕುದಾರರು, ಮನೆತನಕ್ಕೆ ಇಬ್ಬರು ಹಿರಿಯರು. ಒಂದೇ ಸೈಟಿಗೆ ನಾಲ್ಕು ಸಹಿ ಸಿಗುವುದು ಹೀಗೆ. ಕೋರ್ಟಿನ ತೀರ್ಪು ಬರುವಷ್ಟರಲ್ಲಿ ಸೈಟಿನ ಮೇಲೆ ಕಾವಲಿಗೆ ಹುಡುಗರು ನಿಲ್ಲುತ್ತಾರೆ. ಅಕ್ರಾದಲ್ಲಿ ಅವರನ್ನು 'ಲ್ಯಾಂಡ್ ಗಾರ್ಡ್' ಎನ್ನುತ್ತಾರೆ. 2019ರ ಕಾನೂನು ಅವರನ್ನು ನಿಷೇಧಿಸಿದೆ, 2020ರ ಭೂ ಕಾನೂನು ಶಿಕ್ಷೆಯನ್ನೂ ಹೇಳಿದೆ. ಹುಡುಗರನ್ನು ಹಿಡಿಯುವುದು ಬೇಕು ನಿಜ. ಅವರನ್ನು ಅಲ್ಲಿ ನಿಲ್ಲಿಸಿದ ದುಡ್ಡು ಎಲ್ಲಿಂದ ಬಂತು ಎಂದು ಕೇಳದೆ ಹೋದರೆ ನಾಳೆ ಬೇರೆ ಹುಡುಗರು ನಿಲ್ಲುತ್ತಾರೆ.

ಮತ್ತೆ ತೀರಕ್ಕೆ

ಮಂಗಳವಾರದ ನಿಯಮ ಉಳಿದದ್ದು ಹೇಗೆ ಎಂದು ಈಗ ನೋಡಿದರೆ ನನಗೆ ಕಾಣುವುದು ಇಷ್ಟು. ಅದನ್ನು ಮಾರಲು ಬರುವುದಿಲ್ಲ. ವುಲೊಮೊ ದಿನ ಹೇಳಿದ್ದಾನೆ, ವೊಲೇಯಾಚೆ ಕಾಯುತ್ತಾನೆ, ಮಾಂಚೆ ಬೆನ್ನಿಗಿದ್ದಾನೆ. ಒಬ್ಬನಿಗೆ ಲಂಚ ಕೊಟ್ಟರೂ ಉಳಿದವರು ಬಿಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಯಾರೋ ಒಬ್ಬ ಕದ್ದು ಹೋದರೆ ತೀರದಲ್ಲಿ ಕೂತ ನೂರು ಜನರ ಕಣ್ಣಿಗೆ ಬೀಳುತ್ತದೆ.

ಅದೇ ತೀರಕ್ಕೆ ದುಡ್ಡಿನ ವಸ್ತು ಬಂದಾಗ ಏನಾಯಿತು ನೋಡಿ. ದೋಣಿಗಳ ಮೋಟಾರಿಗೆ ಬೇಕಾದ, ಆಯಿಲ್ ಬೆರೆಸಿದ ಪೆಟ್ರೋಲನ್ನು ಸರ್ಕಾರ ಸಬ್ಸಿಡಿ ದರದಲ್ಲಿ ಕೊಡುತ್ತದೆ. 'ಪ್ರೀಮಿಕ್ಸ್' ಎನ್ನುತ್ತಾರೆ. ಹಂಚುವುದಕ್ಕೆ ಪ್ರತಿ ತೀರದಲ್ಲೂ ಒಂದು ಸಮಿತಿ. ಹಂಚಿಕೆಯಲ್ಲಿ ಮೀನುಗಾರರ ಯಜಮಾನನ ಮಾತು ನಡೆಯಬೇಕಾದ ಜಾಗ ಅದು. 2000, 2008, 2016, 2024ರ ಚುನಾವಣೆಗಳಲ್ಲಿ ಘಾನಾದ ಸರ್ಕಾರ ಒಂದು ಪಕ್ಷದಿಂದ ಇನ್ನೊಂದಕ್ಕೆ ಹೋಯಿತು. ಸರ್ಕಾರ ಬದಲಾದಾಗ ಸಮಿತಿಯ ಮುಖಗಳೂ ಬದಲಾಗುತ್ತವೆ ಎನ್ನುವುದು ತೀರದಲ್ಲಿ ಎಲ್ಲರಿಗೂ ಗೊತ್ತು. ಮೀನು ಗೊತ್ತಿರುವವನಿಗಿಂತ ಪಕ್ಷ ಗೊತ್ತಿರುವವನು ಕೀಲಿ ಹಿಡಿಯುತ್ತಾನೆ. ಸೈಟಿನಲ್ಲಿ ಆದದ್ದೇ ಇಲ್ಲಿ ಡ್ರಮ್ಮಿನಲ್ಲಿ ಆಯಿತು.

ಈ ತೀರದ ಲೆಕ್ಕದಲ್ಲಿ ಹೆಂಗಸರ ಪಾಲನ್ನು ಯಾವ ರಿಜಿಸ್ಟರೂ ಬರೆದುಕೊಂಡಿಲ್ಲ. ದೋಣಿಗೆ ಎಣ್ಣೆ ಹಾಕಿಸುವ ಸಾಲ, ಬಲೆ ಕೊಳ್ಳುವ ಮುಂಗಡ, ಬಹಳ ಸಲ ಮೀನು ಮಾರುವ ಹೆಂಗಸರ ಕೈಯಿಂದಲೇ ಬರುತ್ತದೆ. ದೋಣಿ ಬಂದಾಗ ಮೀನು ಎಣಿಸಿ ಎತ್ತಿಕೊಳ್ಳುವವರೂ ಅವರೇ, ಹೊಗೆಯಲ್ಲಿ ಒಣಗಿಸಿ ದೂರದ ಸಂತೆಗೆ ಕಳಿಸುವವರೂ ಅವರೇ. ಮಾರುಕಟ್ಟೆಯಲ್ಲಿ ಅವರಿಗೆ ತಮ್ಮದೇ ನಾಯಕಿಯರಿದ್ದಾರೆ. ಊರಿನ ಜಾಗದ ಕಾಗದದ ಮುಂದೆ ಮಾತ್ರ ಅವರ ಹೆಬ್ಬೆಟ್ಟಿಗೂ ಜಾಗವಿಲ್ಲ.

ಮಂಗಳವಾರದ ನಿಯಮವನ್ನು ನಾನು ಅಟ್ಟಕ್ಕೇರಿಸುತ್ತಿಲ್ಲ. ವಾರಕ್ಕೊಂದು ದಿನದ ಬಿಡುವಿನಿಂದ ಮೀನು ಉಳಿಯುವ ಕಾಲ ಹೋಯಿತು. ಇಲ್ಲಿನ ಬಡವರ ಮೀನು ಸಾರ್ಡಿನೆಲ್ಲಾ, ನಮ್ಮ ಕರಾವಳಿಯ ಬೂತಾಯಿಯ ಬಳಗದ್ದೇ. ಅದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ದೋಣಿಗಳು ಜಾಸ್ತಿಯಾಗಿವೆ, ರಾತ್ರಿ ದೀಪ ಹಚ್ಚಿ ಮೀನು ಸೆಳೆಯುತ್ತಾರೆ, ಬಲೆಯ ಕಣ್ಣು ಸಣ್ಣದಾಗಿದೆ. ಎಲ್ಲಕ್ಕಿಂತ ಮೇಲೆ ದೊಡ್ಡ ಟ್ರಾಲರುಗಳು. ಅವಕ್ಕೆ ಮಂಗಳವಾರವೂ ಒಂದೇ, ಬುಧವಾರವೂ ಒಂದೇ. ಟ್ರಾಲರಿನವರು ಕಡಲ ನಡುವೆಯೇ ಸಣ್ಣ ಮೀನನ್ನು ಮಂಜುಗಡ್ಡೆ ಕಟ್ಟಿಸಿ ದೋಣಿಗಳಿಗೆ ಮಾರುವ ಅಕ್ರಮ ದಂಧೆಗೆ 'ಸೈಕೊ' ಎಂದು ಹೆಸರು. ಆ ಮೀನು ಕೊಂಡು ದಡಕ್ಕೆ ತರುವ ದೋಣಿಗಳೂ ಊರಿನವೇ. ಕಾಯಬೇಕಾದವರೇ ಅಲ್ಲಿ ಗಿರಾಕಿಗಳು.

2018ರಲ್ಲಿ ಸರ್ಕಾರ ದೋಣಿಗಳಿಗೂ ಒಂದು ತಿಂಗಳು ಮೀನುಗಾರಿಕೆ ನಿಲ್ಲಿಸಲು ಹೊರಟಿತು. ಮೀನುಗಾರರು ವಿರೋಧಿಸಿದರು, ಸರ್ಕಾರ ಹಿಂದೆ ಸರಿಯಿತು. 2019ರಲ್ಲಿ ಮೇ 15ರಿಂದ ಜೂನ್ 15ರವರೆಗೆ ಮೊದಲ ಸಲ ನಿಲ್ಲಿಸಿದರು. 2025ರಲ್ಲಿ ದೋಣಿಗಳಿಗೆ ಮತ್ತೆ ವಿನಾಯಿತಿ ಸಿಕ್ಕಿತು. ವರ್ಷಕ್ಕೆ 52 ಮಂಗಳವಾರ ಬಿಡುವ ಜನ 30 ದಿನಕ್ಕೆ ಯಾಕೆ ಕೂಗಾಡಿದರು? ವಾರಕ್ಕೊಂದು ದಿನ ಕೂತರೆ ಒಲೆ ಆರುವುದಿಲ್ಲ, ಒಂದು ತಿಂಗಳು ಕೂತರೆ ಆರುತ್ತದೆ. ಅದೊಂದು ಕಾರಣ. ಇನ್ನೊಂದು, ಮಂಗಳವಾರ ಅವರದ್ದೇ ಮಾತು. ಆ ಒಂದು ತಿಂಗಳು ಆಫೀಸಿನಿಂದ ಬಂದದ್ದು.

ಆಫೀಸೂ ಊರೂ ಕೂತು ಮಾತಾಡಿದರೆ ದಾರಿ ಸಿಗುವುದಿಲ್ಲ ಅಂತೇನಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ವುಲೊಮೊಗಳು ಜೋಳ ಬಿತ್ತುತ್ತಾರೆ. ಆಮೇಲೆ 30 ದಿನ ಅಕ್ರಾದಲ್ಲಿ ಡೋಲು ಬಾರಿಸುವಂತಿಲ್ಲ, ಗದ್ದಲ ಮಾಡುವಂತಿಲ್ಲ. 1990ರ ದಶಕದ ಕೊನೆಗೆ ಇದೇ ವಿಷಯಕ್ಕೆ ಚರ್ಚುಗಳಿಗೂ ಗಾ ಯುವಕರಿಗೂ ಹೊಡೆದಾಟಗಳೇ ಆದವು. ಹಾಡು, ಡ್ರಮ್ ಇಲ್ಲದೆ ಪ್ರಾರ್ಥನೆ ಹೇಗೆ ಎಂದು ಅವರು, ನಮ್ಮ ಊರಿನಲ್ಲಿ ನಮ್ಮ ದೇವರಿಗೆ ಒಂದು ತಿಂಗಳ ಮೌನವೂ ಇಲ್ಲವೇ ಎಂದು ಇವರು. ಆಮೇಲೆ ಒಂದು ಹೊಂದಾಣಿಕೆ ಬಂತು. ಪ್ರಾರ್ಥನೆ ಆವರಣದ ಒಳಗೆ, ಸದ್ದು ಕಡಿಮೆ. ತಪಾಸಣೆಗೆ ನಗರಸಭೆ, ಪೊಲೀಸ್, ಸಾಂಪ್ರದಾಯಿಕ ಮಂಡಳಿ ಸೇರಿದ ತಂಡ. ಊರಿನ ಹುಡುಗರು ತಾವೇ ನುಗ್ಗುವ ಹಾಗಿಲ್ಲ. ಸಣ್ಣಪುಟ್ಟ ತಕರಾರು ಈಗಲೂ ಏಳುತ್ತದೆ. ಆದರೂ ಹೆಚ್ಚುಕಡಿಮೆ ನಡೆಯುತ್ತಿದೆ. ದಿನ ಹೇಳುವವರು ವುಲೊಮೊಗಳೇ, ಅದನ್ನು ಯಾರೂ ಕಿತ್ತುಕೊಂಡಿಲ್ಲ.

ಆ ಜೋಳ ಬೆಳೆದ ಮೇಲೆ ಬರುವ ಹಬ್ಬ ಹೊಮೊವೊ. ಹಸಿವನ್ನು ಅಣಕಿಸುವುದು ಎಂದು ಅದರ ಅರ್ಥ. ಹುಳಿ ಬರಿಸಿದ ಮೆಕ್ಕೆಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ತಾಳೆ ಎಣ್ಣೆ ಬೆರೆಸಿ 'ಕ್ಪೊಕ್ಪೊಯ್' ಮಾಡುತ್ತಾರೆ. ಜೊತೆಗೆ ಹೊಗೆಮೀನು ಹಾಕಿದ ತಾಳೆಹಣ್ಣಿನ ಸಾರು. ಮಾಂಚೆ ಪಾತ್ರೆಯಿಂದ ಹಿಡಿ ಹಿಡಿ ತೆಗೆದು ಬೀದಿ ಬೀದಿಯಲ್ಲಿ ನೆಲಕ್ಕೆ ಚೆಲ್ಲುತ್ತಾ ಹೋಗುತ್ತಾರೆ. ಸತ್ತವರಿಗೂ ಊಟ ಸಿಗಬೇಕಲ್ಲ. 'ಚ್ವಾ ಒಮಾನ್ಯೆ ಆಬಾ', ಒಳಿತು ಬರಲಿ ಎಂದು ಹಿರಿಯರು ಕೂಗಿದರೆ ಸುತ್ತ ನಿಂತವರು 'ಹಿಯಾವ್' ಎನ್ನುತ್ತಾರೆ. ಪೀಠಕ್ಕೆ ಜಗಳ ಇರುವ ಊರಿನಲ್ಲಿ ಇದೇ ಬೀದಿಯಲ್ಲಿ ಪೊಲೀಸ್ ವ್ಯಾನು ನಿಂತಿರುತ್ತದೆ. ಎಲ್ಲರ ಮುಂದೆ ಕ್ಪೊಕ್ಪೊಯ್ ಚೆಲ್ಲಿದವನೇ ಮಾಂಚೆ ಎಂದು ಆಗಿಬಿಡುತ್ತದೆ ಎಂಬ ಭಯ. ಹಸಿವನ್ನು ಓಡಿಸುವ ಅನ್ನವೂ ಜಾಗದ ಕೇಸಿಗೆ ಸಾಕ್ಷಿಯಾದದ್ದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

2020ರ ಭೂ ಕಾನೂನಿನಲ್ಲಿ ಒಂದು ಮಾತಿದೆ, ಅದರ ಬಗ್ಗೆ ಚರ್ಚೆ ಆಗಬೇಕಾದಷ್ಟು ಆಗಿಲ್ಲ. ಜಾಗ ನೋಡಿಕೊಳ್ಳುವ ಯಜಮಾನನಾಗಲಿ ಮನೆತನದ ಹಿರಿಯನಾಗಲಿ ಅದರ ಮಾಲೀಕನಲ್ಲ, ಊರಿನ ಪರವಾಗಿ ಹಿಡಿದುಕೊಂಡವನು. ಪಾರದರ್ಶಕವಾಗಿ ನಡೆಯಬೇಕು, ಲೆಕ್ಕ ಕೊಡಬೇಕು. ಊರಿನ ಮಟ್ಟದಲ್ಲೇ ಜಾಗದ ದಾಖಲೆ ಇಡುವ ಕಚೇರಿಗಳನ್ನು ತೆರೆಯಬೇಕೆಂದೂ ಅದೇ ಕಾನೂನು ಹೇಳುತ್ತದೆ. ಡ್ರಿಂಕ್ ಮನಿಯನ್ನು ಆ ಕಚೇರಿಯ ಪುಸ್ತಕದಲ್ಲಿ ಬರೆಯುವುದರಿಂದ ಶುರು ಮಾಡಬೇಕು ಎನ್ನುವುದು ನನ್ನ ಅಭಿಪ್ರಾಯ. ಪುಸ್ತಕದಲ್ಲಿ ಮಾಂಚೆಯ ಸಹಿಯ ಪಕ್ಕದಲ್ಲಿ ಕೇರಿಯ, ಮನೆತನದ, ತೀರದ ಹೆಂಗಸರ ಸಹಿಗೂ ಗೆರೆ ಎಳೆದಿರಬೇಕು. ಪುಸ್ತಕ ತೆರೆದು ಓದಲು ಮಂಗಳವಾರವೇ ಒಳ್ಳೇದು. ಅವತ್ತು ಎಲ್ಲರೂ ದಡದಲ್ಲೇ ಇರುತ್ತಾರೆ.